ಚಳಿಗಾಲದ ಟ್ರಯಥ್ಲಾನ್ ಅಭ್ಯಾಸಕ್ಕೆ ದಿನಪತ್ರಿಕೆಯ ಎರಡು ಹಾಳೆ

ಮೊದಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ, ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್ ಮತ್ತು 5 ಕಿ.ಮೀ. ಓಟಕ್ಕೆ, ಈ ಚಳಿಯಲ್ಲಿ ಸಿದ್ಧರಾಗುತ್ತಿರುವವರು ಬೆಳಗಿನ ಈಜು ಮುಗಿಸಿ ಸೈಕಲ್ ಹತ್ತುವ ಮುನ್ನ ಮೈಯನ್ನು ಚೆನ್ನಾಗಿ ಒರೆಸಿಕೊಂಡು, ಹಳೆಯ ದಿನಪತ್ರಿಕೆಯ ಎರಡು ಹಾಳೆಗಳನ್ನು ಮಡಚಿ ಅಂಗಿಯೊಳಗೆ ಎದೆ, ಹೊಟ್ಟೆ ಮುಚ್ಚುವಂತೆ ಇರಿಸಿಕೊಳ್ಳಿ. ಕಾಗದವು ಎದುರುಗಾಳಿಯನ್ನು ತಡೆದು, ಪದರಗಳ ನಡುವೆ ಬೆಚ್ಚಗಿನ ಗಾಳಿಯನ್ನು ಹಿಡಿದಿಟ್ಟು, ಉಳಿದ ತೇವವನ್ನೂ ಹೀರಿಕೊಳ್ಳುತ್ತದೆ. ದಪ್ಪ ಸ್ವೆಟರ್ ಧರಿಸಿದರೆ ಏರಿನಲ್ಲಿ ಬಂದ ಬೆವರೇ ಇಳಿಜಾರಿನಲ್ಲಿ ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಹಾಳೆಯನ್ನಾದರೆ ಏರು ಬಂದಾಗ ತೆಗೆದು ಬೆನ್ನ ಜೇಬಿಗೆ ಸೇರಿಸಬಹುದು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವಂಥ ಏರಿಳಿತದ ರಸ್ತೆಗಳಲ್ಲಿ ಇದು ಬಹಳ ಉಪಯುಕ್ತ. ಆದರೆ ಮಂಜು ಹನಿಯಾಗಿ ತೊಟ್ಟಿಕ್ಕುವ ದಿನ ಕಾಗದ ನೆನೆದು ಮೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಅಂದು ಗಾಳಿ ತಡೆಯುವ ತೆಳು ಜಾಕೆಟ್ಟೇ ಬೇಕು, ಎದುರಿನ ವಾಹನ ಕಾಣದಷ್ಟು ಮಂಜಿದ್ದರೆ ಸೈಕಲ್ ಅಭ್ಯಾಸವನ್ನು ಸಂಜೆಗೆ ಮುಂದೂಡುವುದೇ ಸರಿ. ಬೆರಳುಗಳಿಗೆ ಇದರಿಂದ ಪ್ರಯೋಜನವಿಲ್ಲ, ಕೈಗವಸು ಬೇಕೇ ಬೇಕು. ಓಟ ಆರಂಭಿಸುವ ಮೊದಲು ಹಾಳೆಯನ್ನು ತೆಗೆದುಬಿಡಿ, ದಯವಿಟ್ಟು ಅದನ್ನು ಘಾಟಿಯ ಬದಿಗೆ ಎಸೆಯಬೇಡಿ.