ಸಾಲ್ವರ್ ಓಡುತ್ತಿದೆಯಾ, ಸಿಕ್ಕಿಹಾಕಿಕೊಂಡಿದೆಯಾ? ಹೆಜ್ಜೆ ನೋಡಿ ಹೇಳಿ

ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿರುವ ಸಾಲ್ವ್ ಐವಿಪಿಗೆ ಒಂದು ಅವಕಲ ಸಮೀಕರಣ ಕೊಟ್ಟು ಎಂಟರ್ ಒತ್ತಿದರೆ, ಕೆಲಸ ಮುಗಿಯುವ ತನಕ ಅದು ತುಟಿ ಬಿಚ್ಚುವುದಿಲ್ಲ. ಅರ್ಧ ಗಂಟೆ ಆದರೂ ಪರದೆ ಖಾಲಿ. ಇನ್ನೂ ಕಾಯಬೇಕಾ, ನಿಲ್ಲಿಸಿ ಬೇರೆ ದಾರಿ ನೋಡಬೇಕಾ? ಇಂಥ ಹೊತ್ತಲ್ಲಿ ಎಲ್ಲರಿಗೂ ಬೇಕೆನಿಸುವುದು ಒಂದು ಪ್ರೋಗ್ರೆಸ್ ಬಾರ್. ಅದನ್ನು ಹಾಕುವುದು ಕಷ್ಟವೇನಲ್ಲ. ಆದರೆ ಬಾರ್ ಒಂದನ್ನೇ ನಂಬಿ ಕೂರಬೇಡಿ. ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂ, ಸಮಯದಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಮುಂದೆ ಹೋಗುತ್ತದೆ. ಈಗ ಇಡುತ್ತಿರುವ ಹೆಜ್ಜೆ ಎಷ್ಟು ಉದ್ದ ಅನ್ನುವುದನ್ನೂ ಬಾರ್ ಪಕ್ಕದಲ್ಲೇ ತೋರಿಸಿ. ಅಸಲಿ ಸುದ್ದಿ ಇರುವುದು ಅಲ್ಲಿ.

ಪ್ರಿಂಟ್ ಎಲ್ಲಿ ಹಾಕಬೇಕು

ಮೊದಲು ಕೈ ಹೋಗುವುದು ಸಮೀಕರಣ ಬರೆದಿರುವ ಫಂಕ್ಷನ್‌ಗೆ. ಅದರೊಳಗೇ ಸಮಯವನ್ನು ಪ್ರಿಂಟ್ ಮಾಡಿಬಿಡೋಣ ಅನಿಸುತ್ತದೆ. ಬೇಡ. ಮಾಮೂಲಿ ಆರ್‌ಕೆ45 ವಿಧಾನ ಒಂದು ಹೆಜ್ಜೆಗೆ ಆ ಫಂಕ್ಷನ್ನನ್ನು ಆರು ಸಲ ಕರೆಯುತ್ತದೆ, ಅದೂ ನಡುನಡುವಿನ ಸಮಯಗಳಲ್ಲಿ. ತಪ್ಪಿನ ಅಂದಾಜು ಮಿತಿ ಮೀರಿದರೆ ಆ ಹೆಜ್ಜೆಯನ್ನೇ ಬಿಸಾಕಿ, ಹಿಂದಿನ ಜಾಗದಿಂದ ಚಿಕ್ಕ ಹೆಜ್ಜೆ ಹಾಕುತ್ತದೆ. ರಾಡೌ, ಬಿಡಿಎಫ್ ಥರದ ವಿಧಾನಗಳು ಜಾಕೋಬಿಯನ್ (ಬೆಲೆಗಳು ಚೂರು ಬದಲಾದರೆ ದರಗಳು ಎಷ್ಟು ಬದಲಾಗುತ್ತವೆ ಎಂಬ ಪಟ್ಟಿ) ಲೆಕ್ಕ ಹಾಕಲಿಕ್ಕೂ ಅದೇ ಫಂಕ್ಷನ್ನನ್ನು ಕರೆಯುತ್ತವೆ. ಹಾಗಾಗಿ ಅಲ್ಲಿ ಕಾಣುವ ಸಮಯ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ನಿಂತಲ್ಲೇ ನಿಲ್ಲುತ್ತದೆ. ಅದನ್ನು ನೋಡಿ ಏನೂ ತೀರ್ಮಾನ ಮಾಡಲು ಆಗುವುದಿಲ್ಲ.

ಸರಿಯಾದ ಜಾಗ ಒಪ್ಪಿಕೊಂಡ ಹೆಜ್ಜೆಯ ನಂತರ. ಸೈಪೈನಲ್ಲಿ ಆರ್‌ಕೆ45, ರಾಡೌ, ಬಿಡಿಎಫ್ ಎಲ್ಲವೂ ಪ್ರತ್ಯೇಕ ಕ್ಲಾಸ್‌ಗಳಾಗಿಯೂ ಸಿಗುತ್ತವೆ. ಸಾಲ್ವ್ ಐವಿಪಿ ಬಿಟ್ಟು ನೇರವಾಗಿ ಆ ಕ್ಲಾಸ್‌ನಿಂದ ಒಂದು ಸಾಲ್ವರ್ ಮಾಡಿಕೊಳ್ಳಿ. ಅದರ ಸ್ಟೇಟಸ್ 'ರನ್ನಿಂಗ್' ಇರುವ ತನಕ ವೈಲ್ ಲೂಪ್‌ನಲ್ಲಿ ಸ್ಟೆಪ್ ಮೆಥಡ್ ಕರೆಯುತ್ತಾ ಹೋಗಿ. ಒಂದು ಕರೆಗೆ ಒಂದು ಪಕ್ಕಾ ಹೆಜ್ಜೆ. ಈಗಿನ ಸಮಯ, ಕೊನೆಯ ಹೆಜ್ಜೆಯ ಉದ್ದ, ಫಂಕ್ಷನ್ ಎಷ್ಟು ಸಲ ಓಡಿತು ಅನ್ನುವ ಲೆಕ್ಕ, ಮೂರೂ ಆ ಸಾಲ್ವರ್ ಬಳಿಯೇ ಇರುತ್ತವೆ.

ಹಾಗಂತ ಪ್ರತಿ ಹೆಜ್ಜೆಗೂ ಪ್ರಿಂಟ್ ಮಾಡಬೇಡಿ. ಲಕ್ಷಗಟ್ಟಲೆ ಹೆಜ್ಜೆ ಇದ್ದಾಗ ಪ್ರಿಂಟ್ ಮಾಡುವುದೇ ಒಂದು ಹೊರೆ. ಐದು ಸೆಕೆಂಡಿಗೊಂದು ಸಾಲು ಸಾಕು. ಹೆಜ್ಜೆ ಎಣಿಸಿ ಪ್ರಿಂಟ್ ಮಾಡುವುದಕ್ಕಿಂತ ಗಡಿಯಾರ ನೋಡಿ ಮಾಡುವುದು ವಾಸಿ, ಯಾಕೆಂದರೆ ಒಂದೊಂದು ಹೆಜ್ಜೆಯೇ ನಿಮಿಷಗಟ್ಟಲೆ ಹಿಡಿಯುವ ದೊಡ್ಡ ಲೆಕ್ಕಗಳೂ ಇರುತ್ತವೆ.

ಬೇರೆ ಕಡೆ ಇದು ಇನ್ನೂ ಸಲೀಸು. ಜೂಲಿಯಾದ ಡಿಫರೆನ್ಷಿಯಲ್ ಈಕ್ವೇಶನ್ಸ್ ಪ್ಯಾಕೇಜಿನಲ್ಲಿ ಪ್ರೋಗ್ರೆಸ್ ಆಯ್ಕೆಗೆ 'ಟ್ರೂ' ಕೊಟ್ಟರೆ ಆಯಿತು. ಮ್ಯಾಟ್‌ಲ್ಯಾಬ್‌ನಲ್ಲಿ ಔಟ್‌ಪುಟ್ ಫಂಕ್ಷನ್ ಕೊಡಬಹುದು, ಅದರಿಂದಲೇ ಲೆಕ್ಕ ನಿಲ್ಲಿಸಲೂಬಹುದು. ಮ್ಯಾಥಮ್ಯಾಟಿಕಾದಲ್ಲಿ ಸ್ಟೆಪ್ ಮಾನಿಟರ್, ಇವ್ಯಾಲ್ಯುಯೇಶನ್ ಮಾನಿಟರ್ ಎರಡೂ ಇವೆ. ನಮಗೆ ಬೇಕಾದ್ದು ಮೊದಲನೆಯದು.

ಹೆಜ್ಜೆ ಏನು ಹೇಳುತ್ತದೆ

ಅಭ್ಯಾಸಕ್ಕೆ ವ್ಯಾನ್ ಡರ್ ಪೋಲ್ ಸಮೀಕರಣ ತಗೊಳ್ಳಿ. ಅದರಲ್ಲಿರುವ ಮ್ಯೂ ಎಂಬ ಸ್ಥಿರಾಂಕ 1000 ಇರಲಿ, ಸ್ಥಾನ 2, ವೇಗ 0ಯಿಂದ ಶುರು ಮಾಡಿ, ಸಮಯ 3000ದ ತನಕ ಓಡಿಸಿ. ಇದರ ಉತ್ತರದ ಗ್ರಾಫ್ ನೋಡಬೇಕು. ಸ್ಥಾನ 2ರಿಂದ ನಿಧಾನಕ್ಕೆ, ಬಹಳ ನಿಧಾನಕ್ಕೆ 1ರ ಕಡೆ ಇಳಿಯುತ್ತದೆ. ಸಮಯ ಸುಮಾರು 807 ಆದಾಗ ಧಡಕ್ಕನೆ ಮೈನಸ್ 2ಕ್ಕೆ ಹಾರುತ್ತದೆ. ಮತ್ತೆ ಅಷ್ಟೇ ಹೊತ್ತು ಶಾಂತ, ಮತ್ತೆ ಹಾರಾಟ.

ಇದನ್ನು ಆರ್‌ಕೆ45ಗೆ ಕೊಟ್ಟರೆ ಶುರುವಿನಲ್ಲೇ ಹೆಜ್ಜೆ 0.001ರ ಆಸುಪಾಸಿಗೆ ಬಂದು ಕೂರುತ್ತದೆ. ಗ್ರಾಫ್ ನೋಡಿದರೆ ಆ ಜಾಗದಲ್ಲಿ ಹೆಚ್ಚುಕಡಿಮೆ ನೇರ ಗೆರೆ! 3000 ಮುಟ್ಟಲು ಹತ್ತು ಲಕ್ಷಕ್ಕೂ ಜಾಸ್ತಿ ಹೆಜ್ಜೆ ಬೇಕು. ಉತ್ತರ ಸಪಾಟಾಗಿದ್ದು ಹೆಜ್ಜೆ ಮಾತ್ರ ಚಿಕ್ಕದಾಗಿದ್ದರೆ ನಿಮ್ಮ ಸಮೀಕರಣ ಸ್ಟಿಫ್ ಎಂದೇ ಲೆಕ್ಕ, ಅಂದರೆ ಉತ್ತರ ನಿಧಾನವಾಗಿ ಬದಲಾಗುತ್ತಿದ್ದರೂ ಆರ್‌ಕೆ45 ಥರದ ವಿಧಾನ ಪುಟ್ಟ ಹೆಜ್ಜೆಯನ್ನೇ ಇಡಬೇಕಾಗುವ ಜಾತಿಯದ್ದು. ಕಾಯುವುದರಲ್ಲಿ ಅರ್ಥವಿಲ್ಲ. ನಿಲ್ಲಿಸಿ, ರಾಡೌ ಅಥವಾ ಬಿಡಿಎಫ್‌ಗೆ ಬದಲಿಸಿ.

ರಾಡೌ ಹಾಕಿದಾಗ ಚಿತ್ರವೇ ಬೇರೆ. ಇಷ್ಟು ಚಿಕ್ಕ ಲೆಕ್ಕ ಅದಕ್ಕೆ ನೀರು ಕುಡಿದಷ್ಟು ಸುಲಭ, ಹಾಗಾಗಿ ನೋಡಲಿಕ್ಕೆಂದು ಪ್ರತಿ ಹೆಜ್ಜೆಯನ್ನೂ ಪ್ರಿಂಟ್ ಮಾಡಿಕೊಳ್ಳಿ. ಸಪಾಟಾದ ಜಾಗದಲ್ಲಿ ದಾಪುಗಾಲು ಹಾಕುತ್ತದೆ. 27% ಹತ್ತಿರ ಬಂದಾಗ ಬಾರ್ ಗಕ್ಕನೆ ನಿಂತಂತೆ ಕಾಣುತ್ತದೆ. ಆಗ ಹೆಜ್ಜೆ ನೋಡಿ: ಅದು 0.001ಕ್ಕಿಂತಲೂ ಕೆಳಗೆ ಇಳಿದಿರುತ್ತದೆ. 807ರ ಹಾರಾಟವನ್ನು ಅದು ಹುಷಾರಾಗಿ ದಾಟುತ್ತಿದೆ. ದಾಟಿದ ಮೇಲೆ ಹೆಜ್ಜೆ ಮತ್ತೆ ಬೆಳೆಯುತ್ತದೆ. ದೊಡ್ಡ ಮಾಡೆಲ್‌ನಲ್ಲಿ ಇದೇ ಆಟ ಗಂಟೆಗಟ್ಟಲೆ ನಡೆಯಬಹುದು. ಬಾರ್ ಒಂದನ್ನೇ ನೋಡುವವರು 'ಹ್ಯಾಂಗ್ ಆಯ್ತು' ಎಂದು ಚೆನ್ನಾಗಿ ನಡೆಯುತ್ತಿದ್ದ ಲೆಕ್ಕವನ್ನು ಕೊಂದುಬಿಡುತ್ತಾರೆ. ಎಷ್ಟು ಅನ್ಯಾಯ ಅಲ್ವಾ?

ಇನ್ನು ಎಷ್ಟು ಹೊತ್ತು ಬೇಕು ಎಂಬ ಅಂದಾಜನ್ನೂ ಶುರುವಿನಿಂದ ಈವರೆಗಿನ ಸರಾಸರಿ ಮೇಲೆ ಹಾಕಬೇಡಿ. ಕಳೆದ ಒಂದೆರಡು ನಿಮಿಷದ ವೇಗ ಹಿಡಿದು ಹಾಕಿ. ಆಗಲೂ ಅದು ಅಂದಾಜೇ, ಮುಂದೆ ಎಲ್ಲಿ ಹಾರಾಟ ಇದೆ ಅಂತ ಸಾಲ್ವರ್‌ಗೂ ಗೊತ್ತಿರುವುದಿಲ್ಲ.

ಹೆಜ್ಜೆ ಕುಗ್ಗಿದ್ದು ಮತ್ತೆ ಬೆಳೆಯದೇ ಹೋದರೆ? ಒಂದು ಸಣ್ಣ ಪ್ರಯೋಗ ಮಾಡಿ. ಬದಲಾವಣೆಯ ದರ ಬೆಲೆಯ ವರ್ಗಕ್ಕೆ ಸಮ ಎಂಬ ಸಮೀಕರಣವನ್ನು 1ರಿಂದ ಶುರು ಮಾಡಿ, ಸಮಯ 2ರ ತನಕ ಕೇಳಿ. ಉತ್ತರ ಸಮಯ 1ರಲ್ಲೇ ಅನಂತಕ್ಕೆ ಹೋಗುತ್ತದೆ. ಬಾರ್ 50% ಹತ್ತಿರ ನಿಲ್ಲುತ್ತದೆ, ಹೆಜ್ಜೆ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಸ್ಟೇಟಸ್ 'ಫೇಲ್ಡ್' ಆಗುತ್ತದೆ. ಲೂಪ್ ಮುಗಿದ ಮೇಲೆ ಆ ಸ್ಟೇಟಸ್ ನೋಡುವ ಒಂದು ಸಾಲು ಖಂಡಿತ ಬರೆಯಿರಿ. ಇಲ್ಲದಿದ್ದರೆ ಸೋತು ನಿಂತದ್ದೂ ಗೆದ್ದು ಮುಗಿದದ್ದೂ ಒಂದೇ ಥರ ಕಾಣುತ್ತದೆ.

ರಾತ್ರಿಯಿಡೀ ಓಡಿಸುವಾಗ

ಸರ್ವರ್‌ನಲ್ಲಿ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದ್ದರೆ ಪೈಥಾನ್ ಸಾಲುಗಳನ್ನು ಬಫರ್‌ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಲಾಗ್ ಫೈಲ್ ಖಾಲಿ ಕಾಣುತ್ತದೆ, ಸುಮ್ನೆ ಗಾಬರಿ. ಪ್ರಿಂಟ್‌ಗೆ ಫ್ಲಶ್ 'ಟ್ರೂ' ಕೊಡಿ, ಸಾಲು ಕೂಡಲೇ ಫೈಲಿಗೆ ಬರುತ್ತದೆ.

ಅದೇ ಲೂಪ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಸಮಯವನ್ನೂ ಆಗಿನ ಬೆಲೆಗಳನ್ನೂ ಡಿಸ್ಕ್‌ಗೆ ಉಳಿಸಿ. ಹಳೇ ಫೈಲ್ ಮೇಲೆ ನೇರವಾಗಿ ಬರೆಯದೆ, ಬೇರೆ ಹೆಸರಿನಲ್ಲಿ ಬರೆದು ಆಮೇಲೆ ಹೆಸರು ಬದಲಿಸಿ. ಬರೆಯುವ ನಡುವೆ ಕರೆಂಟ್ ಹೋದರೂ ಹಿಂದಿನದು ಉಳಿದಿರುತ್ತದೆ. ಮತ್ತೆ ಶುರು ಮಾಡುವಾಗ ಆ ಬೆಲೆಗಳೇ ಹೊಸ ಆರಂಭ. ಬಿಡಿಎಫ್ ಬಳಸುತ್ತಿದ್ದರೆ ಒಂದು ಮಾತು ನೆನಪಿರಲಿ: ಅದು ಹಿಂದಿನ ಹಲವು ಹೆಜ್ಜೆಗಳ ಆಧಾರದ ಮೇಲೆ ನಡೆಯುವ ವಿಧಾನ. ಉಳಿಸಿದ ಫೈಲಿನಲ್ಲಿ ಆ ಹಿಂದಿನ ಹೆಜ್ಜೆಗಳು ಇರುವುದಿಲ್ಲ. ಹಾಗಾಗಿ ಮೊದಮೊದಲು ಪುಟ್ಟ ಹೆಜ್ಜೆ ಇಡುತ್ತದೆ, ಉಳಿದ ಸಮಯದ ಅಂದಾಜು ವಿಪರೀತ ದೊಡ್ಡದಾಗಿ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ.