ಎರಡು ರೂಪಾಯಿ ಬಡ್ಡಿಯಿಂದ ಶುರುವಾದ ಓದು

ಗಂಗಾವತಿಯ ಒಂದು ರೈಸ್‌ಮಿಲ್ಲಿನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದವಳು ನಾನು. 2019ರಲ್ಲಿ ಮ್ಯೂಚುಯಲ್ ಫಂಡ್ ವಿತರಕರಿಗೆಂದು ಎನ್‌ಐಎಸ್‌ಎಂ ಎಂಬ ಸಂಸ್ಥೆ ನಡೆಸುವ ಫೈವ್-ಎ ಪರೀಕ್ಷೆ ಪಾಸಾಗಿ, ವಿತರಕರ ನೋಂದಣಿ ಸಂಖ್ಯೆಯಾದ ಎಆರ್‌ಎನ್ ಪಡೆದೆ. ಮಿಲ್ಲಿನ ಕೆಲಸ ಮುಗಿಸಿ ಸಂಜೆ ಪರಿಚಯದವರಿಗೆ ತಿಂಗಳಿಗಿಷ್ಟು ಎಂದು ಫಂಡಿಗೆ ಹಾಕುವ ಎಸ್‌ಐಪಿ ಮಾಡಿಸುತ್ತಿದ್ದೆ. ಆ ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡು ಗಂಟೆ, 50 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹದಿನೈದು ದಿನ ಓದಿದ್ದೆ, ಸಾಕಾಯಿತು.

ಶುಲ್ಕ ಪಡೆದು ಸಲಹೆ ಕೊಡುವ ಹೂಡಿಕೆ ಸಲಹೆಗಾರರ ಪರೀಕ್ಷೆ ಹಾಗಲ್ಲ. ಟೆನ್-ಎ, ಟೆನ್-ಬಿ ಎಂದು ಎರಡು ಹಂತ. ಎರಡಕ್ಕೂ 150 ಅಂಕ, ಮೂರು ಗಂಟೆ, ಪಾಸಾಗಲು ಶೇ 60. ತಪ್ಪಾದರೆ ಆ ಪ್ರಶ್ನೆಯ ಕಾಲು ಭಾಗ ಅಂಕ ಹೋಗುತ್ತದೆ. ನನಗೆ ಆಸೆ ಮೊದಲಿನಿಂದ ಇತ್ತು. ಆದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಣಿಗೆ ಐದು ವರ್ಷದ ಅನುಭವ ಕೇಳುತ್ತಿದ್ದರು, ಮಿಲ್ಲಿನ ಲೆಕ್ಕ ಬರೆದದ್ದನ್ನು ಅನುಭವವೆಂದು ಯಾರು ಒಪ್ಪುತ್ತಾರೆ ಎಂದು ಸುಮ್ಮನಿದ್ದೆ. 2024ರ ಡಿಸೆಂಬರಿನಲ್ಲಿ ಆ ಷರತ್ತನ್ನು ತೆಗೆದರು. ಸಂಕ್ರಾಂತಿ ಮುಗಿದ ವಾರವೇ ಓದಲು ಕೂತೆ.

ಬೆಳಿಗ್ಗೆ ನಾಲ್ಕೂವರೆಯಿಂದ ಆರೂವರೆವರೆಗೆ ಓದು. ಮೊದಲ ಒಂದು ತಿಂಗಳು ನೀರಿನಲ್ಲಿ ಬರೆದಂತಾಯಿತು. ಎನ್‌ಐಎಸ್‌ಎಂ ವರ್ಕ್‌ಬುಕ್ ಇಂಗ್ಲಿಷಿನದು. ಓದುವಾಗ ಅರ್ಥವಾದಂತೆ ಅನಿಸುತ್ತಿತ್ತು, ಪುಸ್ತಕ ಮುಚ್ಚಿದರೆ ಏನೂ ಉಳಿಯುತ್ತಿರಲಿಲ್ಲ. ನಾಮಿನಲ್ ದರ, ಎಫೆಕ್ಟಿವ್ ದರ ಎರಡನ್ನೂ ಮೂರು ಸಲ ಓದಿ ಮೂರು ಸಲವೂ ಮರೆತೆ.

ಒಂದು ದಿನ ಮಿಲ್ಲಿಗೆ ಭತ್ತ ತಂದಿದ್ದ ರೈತರೊಬ್ಬರು ದಲ್ಲಾಳಿ ಅಂಗಡಿಯ ಸಾಲದ ಮಾತು ತೆಗೆದರು. "ಎಲ್ಲಾ ಕಡೆ ನಡೆಯೋದೇ ಅಲ್ಲವಾ ಅಕ್ಕಾ, ನೂರಕ್ಕ ಎರಡು ರೂಪಾಯಿ ಬಡ್ಡಿ." ಆ ಮಾತು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಂದು ಮಾತ್ರ ಕೈ ತಾನಾಗಿ ಕ್ಯಾಲ್ಕುಲೇಟರಿಗೆ ಹೋಯಿತು. ತಿಂಗಳಿಗೆ ಎರಡು ಅಂದರೆ ವರ್ಷಕ್ಕೆ 24, ಅದು ನಾಮಿನಲ್. ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ 1.02ನ್ನು ಹನ್ನೆರಡು ಸಲ ಗುಣಿಸಬೇಕು, 26.82 ಆಗುತ್ತದೆ, ಅದು ಎಫೆಕ್ಟಿವ್. ಇಂದಿಗೂ ಅದನ್ನು ಮರೆತಿಲ್ಲ.

ಅಲ್ಲಿಂದ ಓದುವ ರೀತಿಯನ್ನೇ ಬದಲಿಸಿದೆ. ಮಿಲ್ಲಿನಲ್ಲಿ ಉಳಿದಿದ್ದ ಒಂದು ಉದ್ದನೆಯ ಖಾತೆ ಪುಸ್ತಕ ತಂದು, ಎಡಪುಟದಲ್ಲಿ ವರ್ಕ್‌ಬುಕ್ಕಿನ ಸೂತ್ರ, ಬಲಪುಟದಲ್ಲಿ ನಮ್ಮೂರಿನ ಒಂದು ಲೆಕ್ಕ ಬರೆಯತೊಡಗಿದೆ. ಬಲಪುಟ ತುಂಬದೆ ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ. ಐಆರ್‌ಆರ್, ಅಂದರೆ ಬೇರೆಬೇರೆ ದಿನ ಕೊಟ್ಟು ಪಡೆದ ಹಣಕ್ಕೆ ಬೀಳುವ ನಿಜವಾದ ದರ, ಕಲಿತದ್ದು ನಮ್ಮ ಓಣಿಯ ಇಪ್ಪತ್ತು ಮಂದಿಯ ಚೀಟಿಯಿಂದ. ಮೊದಲೇ ಸವಾಲು ಕೂಗಿ ಎತ್ತಿದವರಿಗೆ ಅದು ಸಾಲ, ಕೊನೆಗೆ ಎತ್ತಿದವರಿಗೆ ಉಳಿತಾಯ. ಇಬ್ಬರ ದರವನ್ನೂ ಬೇರೆಬೇರೆಯಾಗಿ ತೆಗೆದು ನೋಡಿದೆ.

ತೆರಿಗೆಯ ಪಾಠಕ್ಕಂತೂ ನಮ್ಮ ಸೀಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಕೃಷಿ ಜಮೀನು ಮಾರಿದರೆ ತೆರಿಗೆಯೇ ಇಲ್ಲ ಎಂದು ಇಲ್ಲಿ ಬಹಳ ಜನ ನಂಬಿದ್ದಾರೆ. ನಿಯಮ ಇರುವುದು ಊರಿನ ಜನಸಂಖ್ಯೆ ಮತ್ತು ದೂರದ ಮೇಲೆ. ಜನಸಂಖ್ಯೆ 10 ಸಾವಿರದಿಂದ 1 ಲಕ್ಷದವರೆಗಿದ್ದರೆ ಪುರಸಭೆ, ನಗರಸಭೆಯ ಗಡಿಯಿಂದ 2 ಕಿಲೋಮೀಟರ್, 1 ಲಕ್ಷ ದಾಟಿದರೆ 6, 10 ಲಕ್ಷ ದಾಟಿದರೆ 8. ಅದೂ ರಸ್ತೆಯ ದೂರವಲ್ಲ, ನೇರ ಗೆರೆಯ ದೂರ. ಗಂಗಾವತಿ 2011ರ ಜನಗಣತಿಯಲ್ಲೇ 1 ಲಕ್ಷ ದಾಟಿದೆ. ಹಾಗಾಗಿ ಇಲ್ಲಿ 6 ಕಿಲೋಮೀಟರಿನ ಒಳಗಿನ ಗದ್ದೆ ಮಾರಿದರೆ ಬಂಡವಾಳ ಲಾಭದ ಲೆಕ್ಕ ಬರುತ್ತದೆ. ನನ್ನ ಚಿಕ್ಕಪ್ಪನ ಹೊಲ ಯಾವ ಕಡೆ ಬೀಳುತ್ತದೆ ಎಂದು ನಕಾಶೆ ಮೇಲೆ ಅಳೆದ ಮೇಲೆ ಮೂರೂ ಸಂಖ್ಯೆಗಳು ಮನಸ್ಸಿನಲ್ಲಿ ಕೂತವು.

ಒಂದು ಕಡೆ ಪುಸ್ತಕದ ಮಾತು ನಮ್ಮ ರೈತರಿಗೆ ಸಾಲದು ಅನಿಸಿತು. ತುರ್ತು ನಿಧಿಯಾಗಿ ಮೂರರಿಂದ ಆರು ತಿಂಗಳ ಖರ್ಚು ಇಟ್ಟುಕೊಳ್ಳಬೇಕು ಎನ್ನುವುದು ಸಾಮಾನ್ಯ ಪಾಠ. ತಿಂಗಳ ಸಂಬಳದವರಿಗೆ ಅದು ಸರಿ. ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡುವವರಿಗೆ ದುಡ್ಡು ಬರುವುದು ಬೆಳೆಗೊಮ್ಮೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಮ್ಮ ಊರುಗಳಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ವಾರದೊಳಗೆ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ಇಳಿಸಿ ನೀರು ಉಳಿಸಿಕೊಂಡರು ಎನ್ನುವುದು ನಮ್ಮ ಪುಣ್ಯ. ಒಂದು ಬೆಳೆ ಹೋದರೆ ಮನೆ ಖರ್ಚಿನ ಜೊತೆಗೆ ಮುಂದಿನ ಬೆಳೆಯ ಲಾಗೋಡಿಗೂ ಕೈಯಲ್ಲಿ ಹಣ ಬೇಕು. ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆದೆ. ನನ್ನ ಬಲಪುಟದಲ್ಲಿ ಮಾತ್ರ "ಒಂದು ಪೂರ್ತಿ ವರ್ಷ" ಎಂದು ಬರೆದು ಎರಡು ಗೆರೆ ಎಳೆದೆ.

ಏಪ್ರಿಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಟೆನ್-ಎ ಬರೆದೆ. ಫೇಲಾದೆ. 90 ಬೇಕಿತ್ತು, ಬಂದದ್ದು 84.5. ಕೊಪ್ಪಳ ದಾಟುವವರೆಗೂ ರೈಲಿನಲ್ಲಿ ಅತ್ತಿದ್ದೇನೆ.

ಮನೆಗೆ ಬಂದು ಎಲ್ಲಿ ಸೋತೆ ಎಂದು ಲೆಕ್ಕ ಹಾಕಿದೆ. ಕಣ್ಣುಮುಚ್ಚಿ ಗುರುತು ಹಾಕಿದ್ದೇ ಕಾರಣ ಎಂದು ಮೊದಲು ಅಂದುಕೊಂಡೆ. ಆದರೆ ನಾಲ್ಕು ಆಯ್ಕೆಯ 16 ಪ್ರಶ್ನೆಗೆ ಸುಮ್ಮನೆ ಗುರುತು ಹಾಕಿದರೆ ಸರಾಸರಿಯಲ್ಲಿ 4 ಸರಿ, 12 ತಪ್ಪು. 4ರಲ್ಲಿ 3 ಕಳೆದರೆ 1 ಉಳಿಯುತ್ತದೆ. ನಷ್ಟವಿಲ್ಲ, ಆದರೆ ಅದಕ್ಕೆ ಕೊಟ್ಟ ಸಮಯ ದಂಡ. ಎರಡು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಬಲ್ಲೆವಾದರೆ ಗುರುತು ಹಾಕುವುದೇ ಲಾಭ. ನಿಜವಾದ ತಪ್ಪು ಬೇರೆ ಇತ್ತು. ಪತ್ರಿಕೆಯಲ್ಲಿ ಒಂದೊಂದು ಅಂಕದ 90 ಪ್ರಶ್ನೆ, ಉಳಿದ 60 ಅಂಕ, ಒಂದು ಸನ್ನಿವೇಶ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಒಂಬತ್ತು ಕೇಸ್‌ಗಳಿಗೆ. ಅದರಲ್ಲಿ ಮೂರು ಕೇಸಿನ ಪ್ರಶ್ನೆಗಳಿಗೆ ತಲಾ ಎರಡು ಅಂಕ. ನಾನು ಸಣ್ಣ ಪ್ರಶ್ನೆಗಳಲ್ಲೇ ಎರಡೂವರೆ ಗಂಟೆ ಕಳೆದು, ಕೇಸ್‌ಗಳಿಗೆ ಅರ್ಧ ಗಂಟೆ ಉಳಿಸಿಕೊಂಡಿದ್ದೆ. ಒಂದು ಕುಟುಂಬದ ಆದಾಯ, ಸಾಲ, ಮಗಳ ಓದು, ನಿವೃತ್ತಿ ಎಲ್ಲವನ್ನೂ ಓದಿ ಲೆಕ್ಕ ಹಾಕಲು ಆ ಹೊತ್ತು ಎಲ್ಲಿ ಸಾಲುತ್ತದೆ?

ಮುಂದಿನ ಎಂಟು ವಾರ ದಿನಕ್ಕೊಂದು ಕೇಸ್ ನಾನೇ ಕಟ್ಟಿ, ಗಡಿಯಾರ ಇಟ್ಟುಕೊಂಡು ಬಿಡಿಸಿದೆ. ಕಾರಟಗಿಯ ಹಮಾಲರ ಮನೆ, ಶಕ್ತಿನಗರದ ವಿದ್ಯುತ್ ಸ್ಥಾವರದ ನೌಕರರ ಮನೆ, ಸಿಂಧನೂರಿನ ಔಷಧಿ ಅಂಗಡಿಯವರ ಮನೆ. ಎಲ್ಲ ನನ್ನ ಕಲ್ಪನೆಯ ಕುಟುಂಬಗಳು. ಜೂನಿನಲ್ಲಿ ಕೇಸ್‌ಗಳಿಗೆ ಮೊದಲ 80 ನಿಮಿಷ ಕೊಟ್ಟು ಆಮೇಲೆ ಉಳಿದದ್ದು ಮುಟ್ಟಿದೆ. ಪರದೆಯ ಮೇಲೆ 103.75 ಬಂತು.

ಟೆನ್-ಬಿ ಒಂದೇ ಸಲಕ್ಕೆ ಆಯಿತು. ನಿವೃತ್ತಿ, ವಿಮೆ, ತೆರಿಗೆ, ಆಸ್ತಿ ಹಂಚಿಕೆ ಅದರ ಪಾಠಗಳು. ಬ್ಯಾಂಕ್ ಠೇವಣಿಗೆ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸುವವರು, ಒಡೆಯರಲ್ಲ ಎನ್ನುವುದನ್ನು ಅಲ್ಲಿ ಓದಿದ ದಿನವೇ ಅಮ್ಮನ ಠೇವಣಿಗಳ ನಾಮಿನಿ ಹೆಸರುಗಳನ್ನು ತೆಗೆದು ನೋಡಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲಿದೆ ಎನ್ನುವ ಪುಟವನ್ನು ಅಕ್ಕನಿಗೂ ಓದಿ ಹೇಳಿದೆ.

ಇನ್ನು ಓದಿನ ನಡುವೆಯೇ ಬಂದ ಕಷ್ಟವೊಂದಿದೆ. ಅಭ್ಯಾಸಕ್ಕೆಂದು ತಿಂಗಳಿಗೆ 5,000ದ ಎಸ್‌ಐಪಿಯನ್ನು 20 ವರ್ಷಕ್ಕೆ ಎರಡು ದರದಲ್ಲಿ ಬಿಡಿಸಿದೆ. ಶೇ 12ಕ್ಕೆ ಸುಮಾರು 49.5 ಲಕ್ಷ, ಶೇ 11ಕ್ಕೆ ಸುಮಾರು 43.3 ಲಕ್ಷ. ವಿತರಕರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನಿಗೂ ಕಮಿಷನ್ ಸೇರಿದ ರೆಗ್ಯುಲರ್ ಪ್ಲಾನಿಗೂ ವರ್ಷಕ್ಕೆ ಶೇ 1ರ ವ್ಯತ್ಯಾಸ ಎಂದು ಹಿಡಿದರೆ ಆರು ಲಕ್ಷಕ್ಕೂ ಮೇಲೆ. ನಾನು ರೆಗ್ಯುಲರ್ ಪ್ಲಾನಿನಲ್ಲಿ ಎಸ್‌ಐಪಿ ಮಾಡಿಸಿದ್ದವರಲ್ಲಿ ನನ್ನ ಸ್ವಂತ ಅತ್ತಿಗೆಯೂ ಇದ್ದರು. ವಿತರಕರ ಸೇವೆಗೆ ಬೆಲೆ ಇದೆ, ಮಾರುಕಟ್ಟೆ ಬಿದ್ದಾಗ ಗಾಬರಿಯಾಗಿ ಹಣ ತೆಗೆಯದಂತೆ ನಾನು ತಡೆದವರೂ ಇದ್ದಾರೆ. ಆದರೆ ಈ ಸಂಖ್ಯೆ ಕಂಡ ಮೇಲೆ ಎರಡು ದೋಣಿಯಲ್ಲಿ ಕಾಲಿಡಲು ಮನಸ್ಸು ಬರಲಿಲ್ಲ. ನಿಯಮವೂ ಬಿಡುವುದಿಲ್ಲ, ನೋಂದಾಯಿತ ಸಲಹೆಗಾರಳಾದರೆ ನಾನು ವಿತರಣೆ ಬಿಡಲೇಬೇಕು.

ಅತ್ತಿಗೆಗೆ ಲೆಕ್ಕ ತೋರಿಸಿದೆ. ಬಹಳ ಹೊತ್ತು ನೋಡಿ, "ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?" ಅಂದರು. ನನಗೂ ಈಗ ಗೊತ್ತಾಯಿತು ಅಂದೆ, ಅದು ನಿಜ. ಉಳಿದವರ ಮನೆಗೂ ಒಂದೊಂದಾಗಿ ಹೋಗಿ ಕಮಿಷನ್ ಎಷ್ಟು, ಇನ್ನು ಮೇಲೆ ನನ್ನ ಶುಲ್ಕ ಎಷ್ಟು ಎಂದು ಕಾಗದದ ಮೇಲೆ ಬರೆದು ಕೊಟ್ಟೆ. ಕೆಲವರು ಬೇಡ ಎಂದು ಬೇರೆ ವಿತರಕರ ಹತ್ತಿರ ಹೋದರು. ಸೆಬಿಯ ನಿಯಮದಂತೆ ಠೇವಣಿ ಇಡಬೇಕಾದ 1 ಲಕ್ಷವನ್ನು ಬ್ಯಾಂಕಿನಲ್ಲಿ ಇಟ್ಟಾಗಿದೆ, ನೋಂದಣಿಯ ಅರ್ಜಿ ತುಂಬುತ್ತಿದ್ದೇನೆ. ಖಾತೆ ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ಟೆನ್-ಎಗೆ ಓದುತ್ತಿರುವ ಕಾರಟಗಿಯ ಹುಡುಗಿಯೊಬ್ಬಳು ಒಯ್ದಿದ್ದಾಳೆ. ಬಲಪುಟಗಳನ್ನು ನಕಲು ಮಾಡಬೇಡ, ನಿನ್ನ ಊರಿನವರ ಲೆಕ್ಕ ನೀನೇ ಬರಿ ಎಂದು ಹೇಳಿ ಕಳಿಸಿದ್ದೇನೆ.