ಒಂದೇ ಚೀಲದ ಶೇಂಗಾ ಬೀಜ: ಎರೆಯಲ್ಲಿ ಕಬ್ಬಿಣ ಸಾಲಲ್ಲ, ಮಸಾರಿಯಲ್ಲಿ ಸುಣ್ಣ ಸಾಲಲ್ಲ

ನನ್ನ ತವರು ಬಸವನ ಬಾಗೇವಾಡಿ ಕಡೆ, ಪೂರ್ತಿ ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿ. ಗಂಡನ ಮನೆ ಕುಷ್ಟಗಿ ಕಡೆ, ಮಸಾರಿ, ಅಂದರೆ ಕೆಂಪು ಮಣ್ಣು. ಎರಡೂ ಕಡೆ ಶೇಂಗಾ ಹಾಕುತ್ತೇವೆ. ಅಣ್ಣನೂ ನಾವೂ ಒಂದೇ ಚೀಲದ ಬೀಜ ಹಂಚಿಕೊಂಡರೂ ಅಲ್ಲಿ ಬೆಳೆ ಹಳದಿಯಾಗುತ್ತದೆ, ಇಲ್ಲಿ ಗಿಡ ಹಚ್ಚಗಿದ್ದು ಕಾಯಿ ಪೊಳ್ಳಾಗುತ್ತದೆ. ರೋಗ ಅಂದುಕೊಂಡು ಔಷಧಿ ಹೊಡೆಯುವವರೇ ಜಾಸ್ತಿ. ಆದರೆ ಹೊಲದ ಕೆಳಗೆ ಯಾವ ಕಲ್ಲಿದೆ ಅಂತ ಮೊದಲು ನೋಡಬೇಕು.

ಅಣ್ಣನ ಹೊಲದ ಕೆಳಗಿರುವುದು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಆದ ಬಸಾಲ್ಟ್. ನಮ್ಮ ಕಡೆಯ ಗ್ರಾನೈಟ್ ಜಾತಿಯ ಕಲ್ಲಿಗಿಂತ ಅದರಲ್ಲಿ ಕಬ್ಬಿಣ ಎಷ್ಟೋ ಜಾಸ್ತಿ. ಆದರೂ ಕಬ್ಬಿಣ ಸಿಗದೆ ಸೊರಗುವುದು ಅಲ್ಲಿನ ಶೇಂಗಾನೇ! ಕಾರಣ ಸುಣ್ಣ. ಬಸಾಲ್ಟ್ ಸವೆದು ಮಣ್ಣಾಗುವಾಗ ಬರುವ ಕ್ಯಾಲ್ಸಿಯಂ (ಸುಣ್ಣದ ಮೂಲ ಅಂಶ), ಮಳೆ ಕಡಿಮೆ ಇರುವ ಸೀಮೆಯಲ್ಲಿ ತೊಳೆದುಹೋಗದೆ ಬಿಳಿ ಸುಣ್ಣದ ಹರಳಾಗಿ ಮಣ್ಣಲ್ಲೇ ಉಳಿಯುತ್ತದೆ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ; 7 ದಾಟಿದರೆ ಕ್ಷಾರ) 8 ದಾಟುತ್ತದೆ. ಪಿಎಚ್ ಒಂದು ಅಂಕ ಏರಿದರೆ ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವ ರೂಪ) ಕರಗುವುದು ಸಾವಿರ ಪಟ್ಟು ಇಳಿಯುತ್ತದೆ. ಬೀಗ ಹಾಕಿದ ಕಣಜ ಇದ್ದ ಹಾಗೆ.

ನೋಡುವುದು ಕಷ್ಟವೇನಲ್ಲ. ಒಂದು ಹಿಡಿ ಒಣ ಮಣ್ಣಿನ ಮೇಲೆ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್ ನಾಲ್ಕು ಹನಿ ಹಾಕಿ (ಆಸಿಡನ್ನು ನೀರಿಗೆ ಸುರಿಯಬೇಕು, ನೀರನ್ನು ಆಸಿಡ್‌ಗಲ್ಲ). ಅಣ್ಣನ ಹೊಲದ ಮಣ್ಣು ಚುರ್ ಅಂತ ನೊರೆ ಬಿಡುತ್ತದೆ. ನಮ್ಮದು ಸುಮ್ನೆ ನೆನೆಯುತ್ತದೆ ಅಷ್ಟೇ. ಆಮೇಲೆ ಅಣ್ಣನ ಹೊಲದ ಗಿಡದ ಹತ್ತಿರ ಕೂತು ಎಲೆ ನೋಡಿ: ತುದಿಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣ ಹಳೇ ಎಲೆಯಿಂದ ಎಳೆ ಎಲೆಗೆ ಸರಿಯಾಗಿ ಹೋಗುವುದಿಲ್ಲ, ಅದಕ್ಕೇ ಹೀಗೆ. ಕೆಳಗಿನ ಎಲೆ ಮೊದಲು ಹಳದಿಯಾದರೆ ಅದು ಸಾರಜನಕದ ಕೊರತೆ ಇರಬಹುದು.

ಲ್ಯಾಬಿಗೆ ಎಲೆ ಕಳಿಸಿದಾಗ ನನಗೆ ತುಂಬಾ ಆಶ್ಚರ್ಯವಾಯಿತು. ಹಳದಿ ಎಲೆಯಲ್ಲೂ ಒಟ್ಟು ಕಬ್ಬಿಣ ಕಡಿಮೆ ಇರಲಿಲ್ಲ. ಇದು ಸುಣ್ಣದ ಮಣ್ಣಲ್ಲಿ ಆಗುವುದೇ ಅಂತೆ. ಎಲೆಯೊಳಗೆ ಸೇರಿದ ಕಬ್ಬಿಣವೂ ಕೆಲಸಕ್ಕೆ ಬಾರದೆ ಕೂರಬಹುದು. ಹಾಗಾಗಿ ಹಸಿ ಎಲೆಯಲ್ಲಿ ಫೆರಸ್ ರೂಪದ (ಗಿಡದ ಕೆಲಸಕ್ಕೆ ಬರುವ) ಕಬ್ಬಿಣ ಎಷ್ಟಿದೆ ಅಂತ ಅಳೆಯಲು ಹೇಳಿ, ಅದಕ್ಕೆ ಆರ್ಥೋಫಿನಾಂತ್ರೊಲಿನ್ ಪರೀಕ್ಷೆ ಅಂತಿದೆ. ಒಟ್ಟು ಕಬ್ಬಿಣ ಅಳೆಸುವುದಾದರೆ ಎಲೆ ಚೆನ್ನಾಗಿ ತೊಳೆದು ಕಳಿಸಿ, ಮೇಲಿನ ಧೂಳಲ್ಲೂ ಕಬ್ಬಿಣ ಇರುತ್ತದೆ.

ನಾವು ಅಣ್ಣನ ಹೊಲದಲ್ಲಿ ಮಾಡುವುದು ಇಷ್ಟು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಣೆ. ಮೊದಲು ಸಿಟ್ರಿಕ್ ಆಸಿಡ್ ಕರಗಿಸಬೇಕು, ಇಲ್ಲದಿದ್ದರೆ ಬೋರ್ ನೀರಲ್ಲಿ ಅನ್ನಭೇದಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಹಾಗಾದ ನೀರು ಹೊಡೆದು ಉಪಯೋಗವಿಲ್ಲ. ಬರೀ ಅನ್ನಭೇದಿಯನ್ನು ಎರೆ ಮಣ್ಣಿಗೆ ಹಾಕಿದರೆ ಅದೂ ಬೇಗ ಸಿಗದ ರೂಪಕ್ಕೆ ಹೋಗುತ್ತದೆ, ದುಡ್ಡು ದಂಡ. ಹೊಲದಲ್ಲಿ ನೀರು ನಿಲ್ಲದ ಹಾಗೆ ಬಸಿಗಾಲುವೆ ಮಾಡಿದ್ದು ಇದರಷ್ಟೇ ಮುಖ್ಯ, ಯಾಕಂದ್ರೆ ತೇವ ಹೆಚ್ಚಾದರೆ ಸುಣ್ಣದಿಂದ ಬರುವ ಬೈಕಾರ್ಬೊನೇಟ್ ಎಂಬ ಕ್ಷಾರದ ಅಂಶ ಹೆಚ್ಚಿ ಹಳದಿ ಇನ್ನೂ ಜೋರಾಗುತ್ತದೆ. ನಡುನಡುವೆ ಗೋವಿನಜೋಳದ ಸಾಲೂ ಹಾಕುತ್ತೇವೆ. ಅದರ ಬೇರು ಬಿಡುವ ಪದಾರ್ಥ ಕಬ್ಬಿಣವನ್ನು ಹಿಡಿದು ಕರಗಿಸುತ್ತದೆ, ಪಕ್ಕದ ಶೇಂಗಾಕ್ಕೂ ಲಾಭ.

ಇನ್ನು ನಮ್ಮ ಮಸಾರಿ. ಎಲೆ ಹಸಿರು, ಕಾಯಿ ಒಡೆದರೆ ಒಳಗೆ ಕಾಳಿಲ್ಲ. ಇಲ್ಲಿ ಕಲ್ಲಿನಲ್ಲೇ ಕ್ಯಾಲ್ಸಿಯಂ ಕಡಿಮೆ. ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಹೋದರೆ ಮತ್ತೆ ಕೆಳಗೆ ಕಾಯಿಗೆ ಇಳಿಯುವುದಿಲ್ಲ, ಕಾಯಿಯೇ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಬೇಕು. ಅದಕ್ಕೇ ಹೂ ಬಿಡುವಾಗ ಎಕರೆಗೆ ಸುಮಾರು 2 ಕ್ವಿಂಟಲ್ ಜಿಪ್ಸಂ (ಕ್ಯಾಲ್ಸಿಯಂ, ಗಂಧಕ ಎರಡೂ ಇರುವ ಪುಡಿ) ಗಿಡದ ಬುಡಕ್ಕೆ ಹಾಕಿ ಮಣ್ಣು ಏರಿಸುತ್ತೇವೆ. ಸೂಜಿ (ಹೂವಿನಿಂದ ಮಣ್ಣಿಗಿಳಿದು ಕಾಯಿಯಾಗುವ ಎಳೆ) ಇಳಿಯುವ ಜಾಗದಲ್ಲೇ ಜಿಪ್ಸಂ ಬೀಳಬೇಕು, ಮೇಲಿನ ಎರಡು ಮೂರು ಇಂಚಿನಲ್ಲಿ ತೇವವೂ ಇರಬೇಕು. ಅಣ್ಣನ ಹೊಲಕ್ಕೆ ಕ್ಯಾಲ್ಸಿಯಂಗಾಗಿ ಜಿಪ್ಸಂ ಬೇಕಿಲ್ಲ. ಮಣ್ಣು ಪರೀಕ್ಷೆಯಲ್ಲಿ ಗಂಧಕ ಕಡಿಮೆ ಬಂದರೆ ಮಾತ್ರ ಹಾಕುತ್ತಾನೆ.